ಎಲ್ಲಿಗೆ ಬೇಕಾದರೂ

ನನ್ನ ಗಂಡ ಆ ವಿಡಿಯೊ ಗೇಮಿನ ಡಬ್ಬಿಯನ್ನು ಮೂರನೇ ಸಲ ಅಂಗಡಿಯ ಕಪಾಟಿಗೆ ವಾಪಸ್ಸಿಟ್ಟರು.

"ನಾಲ್ಕೂವರೆ ಸಾವಿರ. ಬೇಡ ಬಿಡು."

"ಅದರಲ್ಲಿ ಏನಿದೆ ಅಂತಾದ್ರೂ ಹೇಳ್ರೀ," ಎಂದೆ.

"ಒಂದು ದೊಡ್ಡ ರಾಜ್ಯ. ಅದರೊಳಗೆ ನಾವೇ ಒಬ್ಬ ವೀರ. ಕುದುರೆ ಹತ್ತಿ ಕಾಡು, ಕೋಟೆ, ಬಂದರು, ಎಲ್ಲಿಗೆ ಬೇಕಾದ್ರೂ ಹೋಗಬಹುದು."

ಅಜ್ಜಿಯ ಕತೆಗಳಲ್ಲಿ ರಾಜಕುಮಾರರು ಹೀಗೆಯೇ ಹೊರಡುತ್ತಿದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎನ್ನುತ್ತಿದ್ದಳು ಅಜ್ಜಿ.

"ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ಬರ್ತೀಯ ಅಂತ ಯಾರೂ ಕೇಳಲ್ವಾ?"

"ಕೇಳೋಕೆ ಅಲ್ಲಿ ಯಾರಿರ್ತಾರೆ?" ಅವರು ನಕ್ಕರು.

ನಾನು ಅಂಗಡಿಯವನ ಕಡೆ ತಿರುಗಿದೆ. "ಎಷ್ಟು ಹೊತ್ತಿನ ಆಟ ಇದು?"

"ಕತೆ ಮುಗಿಸೋಕೇ ನೂರು ಗಂಟೆ ಬೇಕು ಮೇಡಂ. ಮೂಲೆ ಮೂಲೆ ಸುತ್ತಿದ್ರೆ ಮುನ್ನೂರು."

"ಮಧ್ಯದಲ್ಲಿ ಎದ್ದು ಬರೋಕೆ ಮನಸ್ಸಾಗುತ್ತಾ?"

"ನಮ್ಮನೇಲಿ ಊಟಕ್ಕೆ ಕರೆದೂ ಕರೆದೂ ಸಾಕಾಗಿ, ತಟ್ಟೇನೇ ತಂದು ಮುಂದೆ ಇಡ್ತಾರೆ."

"ಹಾಗಾದ್ರೆ ಕೊಡಿ. ನಾನೇ ಕೊಡಿಸ್ತೀನಿ ಇವರಿಗೆ."

"ಬೇರೆಯವರ ಹೆಂಡತೀರು ಇಂಥದ್ದಕ್ಕೆ ಬಯ್ತಾರೆ, ಗೊತ್ತಾ," ಎಂದು ದಾರಿಯುದ್ದಕ್ಕೂ ಅವರು ನನ್ನನ್ನು ಹೊಗಳಿದರು.

ಭಾನುವಾರ ಬೆಳಿಗ್ಗೆ ಅವರ ಕುದುರೆ ಯಾವುದೋ ಕೋಟೆಯ ಬಾಗಿಲು ದಾಟುತ್ತಿತ್ತು. ನಾನು ಚಪ್ಪಲಿ ಮೆಟ್ಟಿದೆ.

"ಹೋಗಿ ಬರ್ತೀನ್ರೀ."

ಮದುವೆಯಾಗಿ ಮೂರು ವರ್ಷಕ್ಕೆ ಮೊದಲ ಸಲ, ಬೇರೇನೂ ಕೇಳದೆ, ಅವರು "ಹೂಂ" ಎಂದರು.