ಒಂದು ಉದಾಹರಣೆ

ಐದನೆಯ ಷರತ್ತನ್ನು ಹಲಗೆಯ ಮೇಲೆ ಬರೆದು ಅವಳು ತಿರುಗಿದಾಗ ಉದಾಹರಣೆ ಮೇಷ್ಟ್ರ ಕೈ ಮೇಲೆದ್ದಿತ್ತು.

ಅವಳ ಬೆವರಿದ ಬೆರಳಿಗೆ ಸೀಮೆಸುಣ್ಣ ಅಂಟಿಕೊಂಡಿತು.

“ಆ ಕಿಟಕಿ ಸ್ವಲ್ಪ ತೆಗೀರಪ್ಪಾ. ಉಸಿರು ಕಟ್ಟುತ್ತೆ,” ಎಂದರು ಮೇಷ್ಟ್ರು.

“ಬಣ್ಣ ಹೊಡೆದಾಗಿಂದ ಅದು ತೆಗೆಯೋಕೇ ಬರಲ್ಲ ಸಾರ್,” ಎಂದ ಹಿಂದಿನಿಂದ ಯಾರೋ.

ಕೈ ಇಳಿಯಿತು. ಅವಳು ಮತ್ತೆ ಹಲಗೆಗೆ ತಿರುಗಿದಳು.

ಗಣಿತ ವಿಭಾಗದ ಸೆಮಿನಾರ್ ಕೋಣೆ ಅದು. ಪ್ರಬಂಧ ಒಪ್ಪಿಸುವ ಮುಂಚೆ ಎಲ್ಲರೆದುರು ಅದನ್ನು ಬಿಡಿಸಿ ಹೇಳಬೇಕು. ಯಾರು ಏನು ಬೇಕಾದರೂ ಕೇಳಬಹುದು. ಇದೊಂದನ್ನು ದಾಟಿದರೆ ಡಾಕ್ಟರೇಟ್ ಕೈಗೆ ಬಂದ ಹಾಗೆ.

ಆದರೆ ದಾಟುವುದಕ್ಕೆ ಉದಾಹರಣೆ ಮೇಷ್ಟ್ರು ಬಿಡಬೇಕಲ್ಲ! ಅನ್ವಯಿಕ ಗಣಿತದವರು. ಕೊಳವೆಯಲ್ಲಿ ಹರಿಯುವ ನೀರಿನ ಲೆಕ್ಕ ಹಾಕುವುದರಲ್ಲೇ ತಲೆ ನರೆಸಿಕೊಂಡವರು. ಶುದ್ಧ ಗಣಿತದವರು ಎಷ್ಟೇ ಎತ್ತರದಲ್ಲಿ ಹಾರಾಡಲಿ, ಕೊನೆಗೆ ಇವರು ಎದ್ದು ನಿಂತು, “ಎಲ್ಲಾ ಸರಿ, ಒಂದು ಉದಾಹರಣೆ ಕೊಡಿ,” ಎನ್ನುತ್ತಿದ್ದರು. ದೊಡ್ಡ ದೊಡ್ಡವರೂ ಆಗ ತೊದಲಿದ್ದುಂಟು. ಅವಳ ಗುರುಗಳಂತೂ ಅವರನ್ನು ಬೆನ್ನ ಹಿಂದೆ ಪ್ಲಂಬರ್ ಎಂದೇ ಕರೆಯುತ್ತಿದ್ದರು.

ಅವಳ ಬಳಿ ಉದಾಹರಣೆ ಇರಲಿಲ್ಲ.

ಐದು ಷರತ್ತುಗಳನ್ನು ಒಟ್ಟಿಗೆ ಪಾಲಿಸುವ ಫಂಕ್ಷನ್‌ಗಳ ಬಗ್ಗೆ ಅವಳು ಸಾಲು ಸಾಲು ಪ್ರಮೇಯ ಸಾಧಿಸಿದ್ದಳು. ಅವು ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಷರತ್ತು ಹಾಕಿಕೊಟ್ಟವರು ಗುರುಗಳು. ಮುನ್ನುಡಿಗೆ ಅಂತಹ ಒಂದು ಫಂಕ್ಷನ್ ಬರೆದು ತೋರಿಸೋಣ ಎಂದು ಮೊನ್ನೆ ಕೂತಾಗ ಗೊತ್ತಾಯಿತು: ಐದನ್ನೂ ಪಾಲಿಸುವ ಫಂಕ್ಷನ್ ಜಗತ್ತಿನಲ್ಲೇ ಇಲ್ಲ. ಇರುವುದಕ್ಕೆ ಸಾಧ್ಯವೇ ಇಲ್ಲ. ಇಷ್ಟು ವರ್ಷ ಅವಳು ಮೊಲದ ಕೊಂಬಿನ ಉದ್ದ, ಬಾಗು, ಹೊಳಪನ್ನು ಅಳೆದಿದ್ದಳು, ಅಷ್ಟೆ.

ಓಡಿಹೋಗಿ ಹೇಳಿದಾಗ ಗುರುಗಳು ಮೊದಲು ಹೇಳಿದ ಮಾತು, “ಬಾಗಿಲು ಹಾಕು.”

ಆಮೇಲೆ ಮೇಜು ಗುದ್ದಿದರು. “ಹತ್ತು ಜನ ಇದರ ಮೇಲೆ ಅನ್ನ ತಿಂತಾ ಇದಾರೆ. ಬಾಯಿ ಮುಚ್ಕೊಂಡು ಸೆಮಿನಾರ್ ಮುಗಿಸು. ನೀನಾಗಿ ಬಾಯಿ ಬಿಟ್ಯೋ, ಯಾವ ಊರಲ್ಲೂ ನಿಂಗೆ ಪಾಠ ಹೇಳೋ ಕೆಲಸ ಸಿಗದ ಹಾಗೆ ಮಾಡ್ತೀನಿ.”

“ಆ ಮೇಷ್ಟ್ರು ಕೇಳಿಬಿಟ್ರೆ ಸಾರ್?”

“ಕೇಳಿದ್ರೆ ಮುಗೀತು. ಎಲ್ಲರೆದುರು ನೀನು ಸುಳ್ಳು ಹೇಳೋಕಾಗಲ್ಲ, ನಾನು ಉಳಿಸೋಕಾಗಲ್ಲ. ಅದಕ್ಕೇ ಹೇಳೋದು, ಗಡಗಡ ಮಾತಾಡು, ಹಲಗೆ ತುಂಬಿಸು. ಅವನಿಗೆ ಯೋಚ್ನೆ ಮಾಡೋಕೆ ಬಿಡಬೇಡ.”

ಈಗ ಎಲ್ಲರೆದುರು ನಿಂತಾಗ ಅವಳಿಂದ ಅದು ಆಗಲಿಲ್ಲ. ಮಾತು ನಿಧಾನವಾಯಿತು. ಹಲಗೆಯ ಬಲಗಡೆ ಖಾಲಿಯೇ ಉಳಿಯಿತು. ಪ್ರತಿ ಪ್ರಮೇಯ ಮುಗಿದಾಗಲೂ ನಿಂತುಬಿಡುತ್ತಿದ್ದಳು. ಕಣ್ಣು ತಾನಾಗಿ ಎರಡನೆಯ ಸಾಲಿಗೆ ಹೋಗುತ್ತಿತ್ತು. ಅಲ್ಲಿ ಮೇಷ್ಟ್ರು ಗಲ್ಲ ಕೆರೆಯುತ್ತ ಷರತ್ತುಗಳನ್ನೇ ನೋಡುತ್ತಿದ್ದರು. ಎಂದೂ ಅವರ ಹತ್ತಿರ ಸುಳಿಯದ ಗುರುಗಳು ಇವತ್ತು ಪಕ್ಕದಲ್ಲೇ, ಅವರ ಕುರ್ಚಿಯ ಬೆನ್ನ ಮೇಲೆ ತೋಳು ಚಾಚಿ ಕೂತಿದ್ದರು.

“ಇಲ್ಲೀವರೆಗೆ... ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ?” ಅವಳು ಕೇಳಿದಳು.

ಗುರುಗಳು ದುರುಗುಟ್ಟಿದರು. “ಅದೆಲ್ಲ ಕೊನೇಲಿ. ನೀನು ಮುಂದೆ ಹೋಗಮ್ಮ.”

ಕೊನೆಯ ಸಾಲಿನಲ್ಲಿ ಅವಳ ತಾಯಿ ಪಕ್ಕದ ಗ್ರಂಥಪಾಲಕಿಯ ಕಿವಿಯಲ್ಲಿ, “ನಂಗೆ ಒಂದಕ್ಷರ ಅರ್ಥ ಆಗ್ಲಿಲ್ಲ. ಆದ್ರೂ ಎಷ್ಟು ದುಂಡಗೆ ಬರೀತಾಳೆ ನೋಡಿ,” ಎಂದಳು.

“ಇಲ್ಲಿ ಯಾರಿಗೂ ಆಗಿಲ್ಲ ಕಣಮ್ಮಾ. ಜೋರಾಗಿ ಹೇಳ್ಬೇಡಿ.”

ಮಾತು ಮುಗಿಯಿತು. ಒಬ್ಬ ಎದ್ದು ಯಾವುದೋ ಪತ್ರಿಕೆಯ ಹೆಸರು ಕೇಳಿದ. ಇನ್ನೊಬ್ಬ ಹಲಗೆಯ ಎರಡನೆಯ ಸಾಲಿನ ಚಿಹ್ನೆ ಕಾಣುತ್ತಿಲ್ಲವೆಂದ. ಆಮೇಲೆ ಕುರ್ಚಿ ಕಿರುಗುಟ್ಟಿತು. ಉದಾಹರಣೆ ಮೇಷ್ಟ್ರು ಎದ್ದು ನಿಂತರು.

ಕೋಣೆಯಲ್ಲಿ ಮುಸಿಮುಸಿ ನಗು. ಇನ್ನೇನು ಬರುತ್ತದೆಂದು ಎಲ್ಲರಿಗೂ ಗೊತ್ತು.

“ಮೇಷ್ಟ್ರೇ,” ಗುರುಗಳು ಕೂತಲ್ಲಿಂದಲೇ ಬೆಣ್ಣೆಯಂಥ ದನಿಯಲ್ಲಿ ಕೇಳಿದರು, “ಮುಂದಿನ ವಾರ ನಿಮ್ಮ ಹುಡುಗನ ಸೆಮಿನಾರ್ ಅಲ್ವಾ? ಅಧ್ಯಕ್ಷತೆ ನಂದೇ ಅಂತಿದ್ರಪ್ಪ.”

ಮೇಷ್ಟ್ರು ಅವರತ್ತ ನೋಡಿದರು. ಹಲಗೆ ನೋಡಿದರು. ಕೊನೆಗೆ ಅವಳನ್ನು ನೋಡಿದರು. ಅವಳು ಕಣ್ಣು ಮಿಟುಕಿಸಲಿಲ್ಲ.

“ಎಲ್ಲಾ ಸರಿ...” ಮೇಷ್ಟ್ರು ಶುರುಮಾಡಿದರು. ಗಂಟಲು ಸರಿಮಾಡಿಕೊಂಡರು. “ಎಲ್ಲಾ ಸರಿಯಾಗೇ ಇದೆ. ನಾನು ಕೇಳೋದೇನೂ ಇಲ್ಲ.”

ಕೂತುಬಿಟ್ಟರು.

ಚಪ್ಪಾಳೆ ಬಿತ್ತು. ಗುರುಗಳು ಮುಂದೆ ಬಂದು ಅವಳ ತಲೆ ಸವರಿದರು. “ಡಾಕ್ಟರಮ್ಮ ಎಲ್ಲಿಗೂ ಹೋಗಲ್ಲ. ನಮ್ಮಲ್ಲೇ ಇರ್ತಾಳೆ. ಈ ವರ್ಷ ಸೇರಿದ ಹುಡುಗೀರಿಗೂ ಇದೇ ವಿಷಯ ಕೊಟ್ಟಿದೀನಿ. ಇವಳೇ ಕೈ ಹಿಡಿದು ನಡೆಸ್ತಾಳೆ.”

ಅವಳ ಕಣ್ಣಲ್ಲಿ ನೀರು ತುಂಬಿ ಹರಿಯಿತು. ತಾಯಿ ಕುರ್ಚಿಗಳ ನಡುವೆ ನುಗ್ಗಿ ಬಂದು ಅವಳನ್ನು ತಬ್ಬಿಕೊಂಡಳು.

“ಗೆದ್ದೆ ಕಣೇ ಪುಟ್ಟಿ! ಇನ್ನೂ ಯಾಕೆ ಅಳ್ತೀಯ? ರಾತ್ರಿಯೆಲ್ಲ ಆ ಮೇಷ್ಟ್ರು, ಆ ಮೇಷ್ಟ್ರು ಅಂತ ಹೊರಳಾಡ್ತಿದ್ದೆ. ನೋಡು, ಪಾಪ, ಏನೂ ಕೇಳಲೇ ಇಲ್ಲ.”

ಅವಳು ತಾಯಿಯ ಹೆಗಲಿಗೆ ಮುಖ ಒತ್ತಿದಳು. “ಬೆಳಿಗ್ಗೆ ಅವರ ಕಾಲಿಗೆ ಬಿದ್ದಿದ್ನಮ್ಮಾ, ‘ಇವತ್ತು ಮಾತ್ರ ಕೇಳದೆ ಬಿಡಬೇಡಿ ಸಾರ್’ ಅಂತ.”