ಒಂದು ಲೀಟರ್ ನೀರಿನ ವ್ರತ

ಮೌನೇಶ ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಎರಡು ಮಾರು ದೂರದಲ್ಲಿ ಅವನ ಅತ್ತೆ ತಂಗೆವ್ವ, ತಲೆ ಮೇಲೆ ಸೆರಗು ಹೊದ್ದು, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಅವಳಿಗೆ ಒಳಗೆ ಹೋಗಬೇಕಿತ್ತು. ಅವನು ಬಿಡುತ್ತಿರಲಿಲ್ಲ.

ಜಯನಗರದ ಆ ಫರ್ಟಿಲಿಟಿ ಕ್ಲಿನಿಕ್ಕಿನ ಬೆಂಚಿನ ಮೇಲಿದ್ದ ಉತ್ತರಹಳ್ಳಿಯ ಮುನಿಯಕ್ಕನಿಗೆ ಮೈಯೆಲ್ಲ ಕಣ್ಣಾಯಿತು. ಸೊಸೆಯನ್ನು ರಕ್ತಪರೀಕ್ಷೆಗೆ ಒಳಗೆ ಕಳಿಸಿದ ಮೇಲೆ ಅವಳಿಗೆ ಬೇರೆ ಕೆಲಸವೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅನ್ನಪೂರ್ಣಳ ಕಡೆಗೆ ಸರಿದಳು.

“ಅಲ್ಲ ಕಣಮ್ಮ, ಆ ಹುಡುಗ ನಿನ್ ಗಂಡ ತಾನೆ? ದೊಡ್ಡೋರ್ನ ಹಂಗಾ ಅಡ್ಡಗಟ್ಟೋದು?”

“ಅಕಿ ನಮ್ಮವ್ವರಿ ಆಂಟಿ. ನಾವು ಮೂರೂ ಮಂದಿ ಒಂದೊಂದ ಲೀಟರ್ ನೀರ ಕುಡದೀವಿ. ಡಾಕ್ಟರ್ ಬರೂತನಕಾ ಯಾರೂ ಹೋಗೂ ಹಂಗಿಲ್ಲ.”

“ಮೂರು ಜನ ಯಾಕಮ್ಮ?”

“ಒಬ್ಬರ ಸಂಕಟಾ ಎಲ್ಲಾರೂ ಹಂಚ್ಕೋಬೇಕು ಅಂತ ನಮ್ಮವ್ವ ಕಂಡೀಷನ್ ಹಾಕ್ಯಾಳ್ರಿ.”

ಎಂಥ ತಾಯಿ! ಮುನಿಯಕ್ಕನ ಕಣ್ಣು ಒದ್ದೆಯಾಯಿತು.

ನೀರಿನ ವಿಚಾರವನ್ನು ನರ್ಸ್ ಲತಾಮಣಿ ಬೆಳಿಗ್ಗೆಯೇ ಕ್ಲಿನಿಕ್ಕಿಗೆಲ್ಲ ಕೇಳಿಸುವಂತೆ ಹೇಳಿದ್ದಳು. ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟು, ಪರದೆಯಲ್ಲಿ ಗರ್ಭಕೋಶವನ್ನು ನೋಡಿಕೊಂಡೇ ಸಣ್ಣ ನಳಿಕೆಯಿಂದ ಭ್ರೂಣವನ್ನು ಒಳಗೆ ಬಿಡುತ್ತಾರೆ. ಮೂತ್ರಕೋಶ ತುಂಬಿದ್ದರೆ ಚಿತ್ರ ಸ್ಪಷ್ಟ. ಖಾಲಿಯಾಗಿದ್ದರೆ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ಗಂಡ ಹೆಂಡತಿಗೆ ಉಳಿದಿದ್ದದ್ದು ಎರಡೇ ಭ್ರೂಣ. ಒಂಬತ್ತು ವರ್ಷದ ಸಂಸಾರಕ್ಕೆ ಎರಡು ಚುಕ್ಕಿ. ಇವತ್ತು ತಪ್ಪಿದರೆ ಮತ್ತೆ ಇಲ್ಲ.

ಡಾಕ್ಟರಮ್ಮನ ಕಾರು ಮಾತ್ರ ಬನ್ನೇರುಘಟ್ಟ ರಸ್ತೆಯಲ್ಲಿ, ಫ್ಲೈಓವರ್ ಕಟ್ಟುತ್ತಿದ್ದ ಕಡೆ ಸಿಕ್ಕಿಬಿದ್ದು ಮುಕ್ಕಾಲು ಗಂಟೆಯಾಗಿತ್ತು.

ಅತ್ತೆ ಅಳಿಯನ ಎದುರು ಬಾಯಿ ಬಿಡುವ ಪದ್ಧತಿ ತಂಗೆವ್ವನ ಊರಿನಲ್ಲಿ ಇಲ್ಲ. ಮಾತಿದ್ದರೆ ಮಗಳ ಮೂಲಕ. ಆದರೆ ಮಗಳು ಬೆಂಚಿನ ಮೇಲೆ ಕಾಲಿಗೆ ಕಾಲು ಹೆಣೆದುಕೊಂಡು, ಅಲ್ಲಾಡಿದರೆ ಕೆಟ್ಟೆ ಎಂಬಂತೆ ಕೂತಿದ್ದಳು. ತಂಗೆವ್ವ ಬಾಗಿಲನ್ನೇ ಮಾತಾಡಿಸಿದಳು.

“ಏ ಬಾಗಲಾ, ಸ್ವಲ್ಪ ಸರೀತೀಯೇನು?”

ಮೌನೇಶ ತಲೆ ಎತ್ತಿ ಫ್ಯಾನಿಗೆ ಉತ್ತರ ಕೊಟ್ಟ. “ಏ ಫ್ಯಾನಾ, ಇನ್ನ ಹತ್ತ ನಿಮಿಷ ತಡಕೋರಿ ಅಂತ ಅತ್ತಿಯಾರಿಗೆ ಹೇಳು. ಕೈ ಮುಗೀತೀನಿ.”

“ಬಾಗಲಾ ಗಂಡಸೈತಿ. ಹೆಂಗಸರ ಸಂಕಟಾ ಅದಕ್ಕೇನ ತಿಳೀತೈತಿ?”

“ಬಾಗಲಾನೂ ಒಂದ ಲೀಟರ್ ಕುಡದೈತಿ ಅಂತ ಹೇಳು ಫ್ಯಾನಾ.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅನ್ನಪೂರ್ಣ ಮಾತ್ರ ನಗಲಿಲ್ಲ; ನಗುವ ಧೈರ್ಯ ಅವಳಿಗಿರಲಿಲ್ಲ. ಮೂಲೆಯ ಫಿಲ್ಟರಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ತಂಗೆವ್ವ ಆ ಸದ್ದು ಕೇಳಲಾರದೆ ಕಿವಿ ಮುಚ್ಚಿಕೊಂಡಳು. ಮುನಿಯಕ್ಕ ಎದ್ದು ಹೋಗಿ ನಲ್ಲಿಯನ್ನು ಬಿಗಿದು ಬಂದಳು.

ಅಷ್ಟರಲ್ಲಿ ಅವಳು ಅನ್ನಪೂರ್ಣಳ ಮನೆಯ ವಿಚಾರವನ್ನೆಲ್ಲ ಕೆದಕಿ ತೆಗೆದಾಗಿತ್ತು. ತಂಗೆವ್ವನಿಗೆ ನಲವತ್ತಮೂರು. ಹದಿನಾರಕ್ಕೇ ಹೆತ್ತವಳು, ಪಕ್ಕಪಕ್ಕ ನಿಂತರೆ ತಾಯಿ ಮಗಳು ಅಕ್ಕತಂಗಿಯರ ಹಾಗೆ. ಎರಡು ತಿಂಗಳಿಂದ ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲೇ ಠಿಕಾಣಿ. ಮಗಳು ಹೊತ್ತುಹೊತ್ತಿಗೆ ಮಾತ್ರೆ ಕೊಡುತ್ತಾಳೆ, ಒಂದು ಬಕೆಟ್ಟನ್ನೂ ಎತ್ತಲು ಬಿಡುವುದಿಲ್ಲ.

“ಬಿಪಿ ಇರ್ಬೇಕು,” ಎಂದು ಮುನಿಯಕ್ಕ ತಾನೇ ರೋಗ ಹೇಳಿದಳು. ಅನ್ನಪೂರ್ಣ ಹೆಣೆದ ಕಾಲನ್ನು ಇನ್ನಷ್ಟು ಬಿಗಿದಳು. ಅವಳ ಹಣೆಯಲ್ಲಿ ಬೆವರು ಮೂಡಿತ್ತು.

“ನನ್ನ ಕೈಲೆ ಆಗೂದಿಲ್ಲ!”

ಅನ್ನಪೂರ್ಣ ಎದ್ದವಳೇ ಓಡಿದಳು. ಅತ್ತೆಗೆ ಜಗ್ಗದವನು ಹೆಂಡತಿಯ ಮುಖ ನೋಡಿದ್ದೇ ಪಕ್ಕಕ್ಕೆ ಸರಿದ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಫ್ಲಶ್ ಮಾಡಿದ ಸದ್ದು ಕಾರಿಡಾರಿಗೆಲ್ಲ ಕೇಳಿಸಿತು.

“ಅಯ್ಯಯ್ಯೋ, ಹೋಯ್ತು!” ಮುನಿಯಕ್ಕ ಎದೆ ಹಿಡಿದುಕೊಂಡಳು.

ಅನ್ನಪೂರ್ಣ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮುಖದಲ್ಲಿ ಹಬ್ಬದ ಕಳೆ. ತಂಗೆವ್ವ ಹೊಟ್ಟೆಕಿಚ್ಚಿನಿಂದ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೌನೇಶ ಏನೂ ಆಗಿಲ್ಲವೆಂಬಂತೆ ಮತ್ತೆ ಬಾಗಿಲಿಗೆ ಅಡ್ಡ ನಿಂತ. ಮುನಿಯಕ್ಕನಿಗೆ ತಡೆಯಲಾಗಲಿಲ್ಲ.

“ಒಂಬತ್ತು ವರ್ಷದ ಕಷ್ಟನೆಲ್ಲ ನೀರಲ್ಲಿ ಹೋಮ ಮಾಡ್ಬಿಟ್ಯಲ್ಲೇ ತಾಯಿ! ಇನ್ನೊಂದ್ ಚೂರು ತಡ್ಕೊಳೋಕ್ ಆಗ್ಲಿಲ್ವಾ? ಏನಪ್ಪಾ ನೀನು, ಅತ್ತೇನ ಹಿಡ್ಕೊಂಡು ಹೆಂಡ್ತೀನ ಬಿಡೋದಾ?”

ಅವಳು ನಿಜವಾಗಿಯೂ ಅಳುತ್ತಿದ್ದಳು. ಅದೂ ಯಾರದೋ ಮಗುವಿಗಾಗಿ.

ಅಷ್ಟರಲ್ಲಿ ಡಾಕ್ಟರಮ್ಮ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದು ಒಳಗೆ ಓಡಿದರು. ಲತಾಮಣಿ ಬಾಗಿಲಿನಿಂದ ಇಣುಕಿದಳು. “ಸ್ಕ್ಯಾನ್ ರೆಡಿ. ಬೇಗ ಬನ್ನಿ!”

ಮುನಿಯಕ್ಕ ಮುಂದೆ ನುಗ್ಗಿ ಕೈ ಮುಗಿದಳು. “ಸಿಸ್ಟರ್, ಇನ್ನೊಂದ್ ಗಂಟೆ ಟೈಮ್ ಕೊಡಿ. ಈ ಹುಡುಗಿಗೆ ನಾನೇ ನೀರು ಕುಡಿಸ್ತೀನಿ.”

ತಂಗೆವ್ವ ಅವಳನ್ನು ದಾಟಿಕೊಂಡು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಒಳಗೆ ನಡೆದಳು. ಲತಾಮಣಿ ಬಾಗಿಲು ಮುಚ್ಚಿದಳು. ಅದೇ ಕ್ಷಣ ಮೌನೇಶ ಶೌಚಾಲಯಕ್ಕೆ ನುಗ್ಗಿ ಚಿಲಕ ಹಾಕಿಕೊಂಡ.

“ನಿಮ್ಮಮ್ಮ ಯಾಕ್ ಹೋದ್ರು?” ಮುನಿಯಕ್ಕ ಕಕ್ಕಾಬಿಕ್ಕಿಯಾದಳು. “ನೀನಲ್ವಾ ಹೋಗ್ಬೇಕಾಗಿರೋದು?”

ಅನ್ನಪೂರ್ಣ ಅವಳ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. “ನನ್ನ ಗರ್ಭಚೀಲಾ ಮೂರ ವರ್ಷದ ಹಿಂದನ ತಗದಾರ್ರಿ ಆಂಟಿ. ಕೂಸು ನಮ್ಮಿಬ್ಬರದು, ಹೊರಾಕಿ ನಮ್ಮವ್ವ.”