ಎತ್ತಿದ ಕೈ

"ಮುಂದಿನವರು, ತನ್ವಿಯ ತಾಯಿ ರಂಜನಿ. ನಿಮಗೆ ಎರಡು ನಿಮಿಷ," ಎಂದರು ಶಾಲಾ ಮಂಡಳಿಯ ಅಧ್ಯಕ್ಷೆ. ರಂಜನಿ ಏಳುವ ಮೊದಲೇ ಗಂಡ ಗುರು ಎದ್ದು, ಅವಳ ಬದಲು ತಾನು ಮಾತಾಡುತ್ತೇನೆ ಎಂದ. ಅಧ್ಯಕ್ಷೆ ಅಡ್ಡಡ್ಡ ತಲೆಯಾಡಿಸಿದರು. "ಕ್ಷಮಿಸಿ, ಹೆಸರು ಕೊಟ್ಟಿರುವುದು ಅವರು. ಅವರೇ ಮಾತಾಡಬೇಕು."

ಗುರು ಕೂತು ಪಿಸುಗುಟ್ಟಿದ. "ನಿನ್ನ ಹೆಸರು ಯಾಕ ಕೊಟ್ಟಿ?"

"ಸ್ಕೂಲಿನ ಆ್ಯಪ್ ನನ್ನ ಫೋನಿನೊಳಗ ಅದರಿ. ಒತ್ತಿದೆ, ನನ್ನ ಹೆಸರೇ ಹೋತು."

"ಹೋಗಬ್ಯಾಡ ಬಿಡು. ನಮ್ಮ ಕೈಲೆ ಆಗೂದಿಲ್ಲ ಅಂತ ಸ್ಕೂಲಿನವರೇ ಕೈ ಎತ್ತಿಬಿಟ್ಟಾರ. ಲಾಟರಿಯೊಳಗ ಸೀಟು ಸಿಕ್ಕಿದ್ದೇ ದೊಡ್ಡದು, ಸುಮ್ಮನಿರು."

ರಂಜನಿ ಎದ್ದು ಮೈಕಿನ ಕಡೆ ನಡೆದಳು.

ಅಮೆರಿಕದ ಸಮರ್‌ಸೆಟ್‌ನಲ್ಲಿ, ಚೀಟಿ ಎತ್ತಿ ಸೀಟು ಕೊಡುವ ಆ ಚಾರ್ಟರ್ ಶಾಲೆಯ ಊಟದ ಹಾಲಿನಲ್ಲಿ ಸಭೆ ನಡೆದಿತ್ತು. ಚಳಿಗಾಲದ ರಜೆ ಮುಗಿದ ಮೇಲೆ ಒಂದನೇ ತರಗತಿಗೆ ಟೀಚರ್ ಒಬ್ಬರೇ ಸಾಕು, ಸಹಾಯಕಿ ಮಿಸ್ ಡೆನಿಸ್ ಬೇಡ ಎಂಬ ವಿಷಯ ಇವತ್ತು ಮತಕ್ಕೆ ಬರಲಿತ್ತು. ಹಿಂದಿನ ಬೆಂಚಿನಲ್ಲಿ ಕೆಲವು ಮಕ್ಕಳು ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದರು. ತನ್ವಿಯೂ ಅವರಲ್ಲಿದ್ದಳು. ಓದಲು ಕೂತರೆ ಅವಳಿಗೆ ಅಕ್ಷರಗಳು ಒಂದರ ಮೇಲೊಂದು ಏರಿಬಿಡುತ್ತಿದ್ದವು. ಪಕ್ಕದಲ್ಲಿ ಯಾರಾದರೂ ಕೂತು ಬೆರಳಿಟ್ಟು ತೋರಿಸಿದರೆ ನಿಧಾನವಾಗಿ ಓದುವಳು, ಇಲ್ಲದಿದ್ದರೆ ಆ ಸಾಲಿನಲ್ಲೇ ನಿಂತುಬಿಡುವಳು. ಬೆರಳಿಟ್ಟು ತೋರಿಸುವವರು ಮಿಸ್ ಡೆನಿಸ್.

ಅಂಗಡಿಯಲ್ಲಿ, ಡಾಕ್ಟರ ಬಳಿ ರಂಜನಿಯ ಇಂಗ್ಲಿಷ್ ಹೇಗೋ ನಡೆಯುತ್ತಿತ್ತು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಬಾಯಿಪಾಠ ಮಾಡಿಕೊಂಡಿದ್ದ ಮಾತು ಮಾತ್ರ ಮೈಕಿನ ಮುಂದೆ ನಿಂತದ್ದೇ ಹಾರಿಹೋಯಿತು. ಗೋಡೆಯ ಪರದೆಯ ಮೇಲೆ ಎರಡು ನಿಮಿಷದ ಗಡಿಯಾರ ಒಂದೊಂದೇ ಸೆಕೆಂಡು ಇಳಿಯತೊಡಗಿತ್ತು. ತಲೆಯಲ್ಲಿ ಉಳಿದದ್ದು ಒಂದೇ ಚಿತ್ರ. ಮಗಳು ಮರೆತುಹೋದ ಊಟದ ಡಬ್ಬಿ ಕೊಡಲು ಹೋದ ದಿನ, ಬಾಗಿಲ ಗಾಜಿನಿಂದ ಕಂಡದ್ದು. ಅವತ್ತು ಮಿಸ್ ಡೆನಿಸ್‌ರನ್ನು ಬೇರೆ ತರಗತಿಗೆ ಕಳಿಸಿದ್ದರು. ತನ್ವಿ ಕೈ ಎತ್ತಿ ಕೂತಿದ್ದಳು. ಟೀಚರ್ ಇನ್ನೊಂದು ಮೂಲೆಯಲ್ಲಿ, ಅಳುತ್ತಿದ್ದ ಹುಡುಗನ ಹತ್ತಿರ. ತನ್ವಿಯ ಕೈ ಸೋಲತೊಡಗಿತು. ಎಡಗೈಯನ್ನು ಬಲಗೈಗೆ ಆಸರೆಯಾಗಿ ಕೊಟ್ಟು ಹಾಗೇ ಕೂತಳು. ಕೊನೆಗೆ ಮಿಸ್ ಡೆನಿಸ್ ವಾಪಸು ಬಂದು ಬಾಗಿಲು ತೆರೆದು ಒಳಗೆ ಹೋದರು. ನೇರವಾಗಿ ಅವಳ ಬಳಿ ಹೋಗಿ, ಮಣಿಕಟ್ಟು ಮುಟ್ಟಿ, "ಯು ಕ್ಯಾನ್ ಪುಟ್ ಇಟ್ ಡೌನ್ ನೌ," ಎಂದರು. ಇನ್ನು ಇಳಿಸು ಮರಿ, ನಾನು ಬಂದೆನಲ್ಲ ಎಂದ ಹಾಗೆ ಕೇಳಿಸಿತ್ತು ರಂಜನಿಗೆ.

ಅವಳು ಬಲಗೈ ಎತ್ತಿದಳು.

"ಹೇಳಿ, ಈಗ ನಿಮ್ಮದೇ ಸರದಿ," ಎಂದರು ಅಧ್ಯಕ್ಷೆ. ರಂಜನಿ ಕೈ ಇಳಿಸಲಿಲ್ಲ, ಮಾತೂ ಆಡಲಿಲ್ಲ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಗುರು ನೆಲ ನೋಡತೊಡಗಿದ. ಗಡಿಯಾರ ಇಳಿಯುತ್ತಲೇ ಇತ್ತು. ಭುಜ ನೋಯತೊಡಗಿತು. ರಂಜನಿ ಎಡಗೈಯನ್ನು ಬಲಗೈಯ ಕೆಳಗೆ ಆಸರೆಯಾಗಿ ಇಟ್ಟಳು. ನಕ್ಕವರು ಸುಮ್ಮನಾದರು.

ಸಮಯ ಮುಗಿದ ಗಂಟೆ ಬಡಿಯಿತು. ಆಗ ಅವಳು ಮೈಕಿಗೆ ಬಾಗಿ, "ಮೈ ಡಾಟರ್," ಎಂದಳು. "ಮಿಸ್ ಡೆನಿಸ್ ನಾಟ್ ದೇರ್, ಲೈಕ್ ದಿಸ್."

ಗೋಡೆಯ ಬಳಿ ಕೂತಿದ್ದ ತರಗತಿಯ ಟೀಚರ್ ಎದ್ದು ನಿಂತರು. "ಅವರು ಹೇಳುವುದು ನಿಜ. ಆ ಕೈ ನನಗೆ ಕಾಣುತ್ತದೆ. ದಿನಾ ಇಂಥ ಎಷ್ಟೋ ಕೈಗಳು ಕಾಣುತ್ತವೆ. ನಾನು ಒಬ್ಬಳು ಯಾವುದರ ಹತ್ತಿರ ಅಂತ ಹೋಗಲಿ?"

ಮಂಡಳಿಯವರು ಮುಖ ಮುಖ ನೋಡಿಕೊಂಡರು. ಲೆಕ್ಕಪತ್ರ ನೋಡುವ ಸದಸ್ಯ ಏನೋ ಹೇಳಲು ಬಾಯಿ ತೆರೆದು, ಇನ್ನೂ ಇಳಿಯದಿದ್ದ ಆ ಕೈ ನೋಡಿ ಬಾಯಿ ಮುಚ್ಚಿದ. ಅಧ್ಯಕ್ಷೆ ಕನ್ನಡಕ ತೆಗೆದಿಟ್ಟರು. "ಸರಿ, ಮತಕ್ಕೆ ಹಾಕುತ್ತೇನೆ. ಮಿಸ್ ಡೆನಿಸ್ ಅವರ ಕೆಲಸ ಉಳಿಯಲಿ ಎನ್ನುವವರು ಕೈ ಎತ್ತಿ."

ಮೊದಲು ಮಂಡಳಿಯ ಸಾಲಿನ ಒಂದು ತುದಿಯಲ್ಲಿದ್ದ ಮುದುಕಿಯ ಕೈ ಮೇಲೆದ್ದಿತು. ಆಮೇಲೆ ಪಕ್ಕದವರದು. ಲೆಕ್ಕಪತ್ರದವನು ಕತ್ತು ತುರಿಸಿಕೊಂಡ, ಆ ಕೈಯನ್ನೇ ಹಾಗೇ ಮೇಲಕ್ಕೆ ಎತ್ತಿದ. ಒಬ್ಬಾತ ಮಾತ್ರ ಕೈಕಟ್ಟಿಕೊಂಡೇ ಕೂತ. ಕೊನೆಯದು ಅಧ್ಯಕ್ಷೆಯದು. ಹಾಲಿನಲ್ಲಿ ಚಪ್ಪಾಳೆ ಎದ್ದಿತು. ಯಾರೋ ಶಿಳ್ಳೆಯನ್ನೂ ಹಾಕಿದರು.

ಗುರು ಮೈಕಿನ ಹತ್ತಿರ ಬಂದಿದ್ದ. ಅವನ ಕಣ್ಣು ಒದ್ದೆಯಾಗಿತ್ತು. "ಈ ಸಲ ಖರೇನ ಕೈ ಎತ್ತಿದ್ರು ನೋಡು," ಎಂದ.

ರಂಜನಿಗೆ ಏನೂ ಕೇಳಿಸಿದಂತಿರಲಿಲ್ಲ. ಎತ್ತಿದ ಕೈ ಇಳಿಸದೆ ಹಾಗೇ ನಿಂತಿದ್ದಳು. ಹಿಂದಿನ ಬೆಂಚಿನಿಂದ ತನ್ವಿ ಓಡಿಬಂದಳು. ತುದಿಗಾಲಲ್ಲಿ ನಿಂತು, ಬಣ್ಣ ಮೆತ್ತಿದ ಬೆರಳುಗಳನ್ನು ಚಾಚಿ ತಾಯಿಯ ಮಣಿಕಟ್ಟು ಮುಟ್ಟಿದಳು.

"ಅಮ್ಮಾ, ಯು ಕ್ಯಾನ್ ಪುಟ್ ಇಟ್ ಡೌನ್ ನೌ."